ಹೆಚ್ಚುಕಡಿಮೆ

ಮಂಗಳವಾರ, ಮಾರ್ಚ್ ೧೧

ಮುದ್ದು ಮಗಳೇ,

ನಿನ್ನ ಪತ್ರ ಬಂದು ವಾರದ ಮೇಲಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಎದ್ದು ಹೋಗಿ ಏನಾದರೊಂದು ಕೆಲಸ ಹಚ್ಚಿಕೊಂಡೆ. ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ಸಿಟ್ಟಾಗಬೇಡ. ನಿನ್ನಪ್ಪ ಚೆನ್ನಾಗಿದ್ದಾರೆ. ತೊಟ್ಟಿಲು ಮಾಡಲು ಹೊರಟು ಹೆಬ್ಬೆರಳಿಗೆ ಹೊಡೆದುಕೊಂಡು, ತಪ್ಪು ಸುತ್ತಿಗೆಯದೆಂದು ವಾದಿಸುತ್ತಿದ್ದಾರೆ.

ಸ್ಕ್ಯಾನ್‌ನಲ್ಲಿ ಹೊಟ್ಟೆಯಲ್ಲಿರುವ ಮಗುವಿನ ತೂಕ ಸ್ವಲ್ಪ ಕಡಿಮೆ ಕಂಡಿತೆಂದು ನೀನು ಬರೆದಿದ್ದೀಯ. ಸರಿಯಾಗಿ ಎಷ್ಟು ಎಂದು ಕೇಳಿದರೆ ಡಾಕ್ಟರಮ್ಮ, ಇಷ್ಟರಿಂದ ಇಷ್ಟರೊಳಗೆ, ಹೆಚ್ಚುಕಡಿಮೆ ಇರುತ್ತೆ, ಮೂರು ವಾರ ಬಿಟ್ಟು ಮತ್ತೆ ನೋಡೋಣ ಎಂದರಂತೆ. ಒಂದು ಅಂಕಿ ನೆಟ್ಟಗೆ ಹೇಳಲು ಬಾರದವರ ಹತ್ತಿರ ಇನ್ನು ಹೋಗುವುದಿಲ್ಲ ಎಂದಿದ್ದೀಯ. ಅದಕ್ಕೆ ಉತ್ತರ ಹೇಳುವ ಮೊದಲು ನನ್ನ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ನಡೆದದ್ದನ್ನು ಕೇಳು.

ಕಳೆದ ಗುರುವಾರ ಲೋಲಕದ ಪ್ರಯೋಗವಿತ್ತು. ದಾರಕ್ಕೆ ಗುಂಡು ಕಟ್ಟಿ, ತೂಗಾಡುವ ಹೊತ್ತನ್ನು ಅಳೆದು, ಭೂಮಿಯ ಸೆಳೆತ ಲೆಕ್ಕ ಹಾಕುವುದು. ಇಡೀ ತರಗತಿಯ ಉತ್ತರ ಅಚ್ಚು ಹೊಡೆದಂತೆ ಪುಸ್ತಕದ್ದೇ. ಗುಬ್ಬಚ್ಚಿ ಎಂದು ಎಲ್ಲರೂ ಕರೆಯುವ ಸಣ್ಣ ದನಿಯ ಹುಡುಗಿಯ ಹಾಳೆ ಮಾತ್ರ ರಬ್ಬರಿನಿಂದ ಉಜ್ಜಿ ಉಜ್ಜಿ ತೂತು ಬಿದ್ದಿತ್ತು. ಯಾಕಮ್ಮಾ ಎಂದೆ. ಒಂದೊಂದು ಸಲ ಒಂದೊಂದು ಬಂತು, ಹೊಂದದ್ದನ್ನೆಲ್ಲ ಅಳಿಸಿದೆ ಎಂದಳು.

"ಅದು ದೋಷ ಅಲ್ವಾ ಮೇಡಂ? ದೋಷ ಅಂದ್ರೆ ನಂದೇ ತಪ್ಪು ತಾನೆ?"

ಅಳತೆಯ ದೋಷ ಎಂದು ಹಲಗೆಯ ಮೇಲೆ ಬರೆದವಳು ನಾನೇ. ಮಕ್ಕಳು ಅದನ್ನು ಕಳಂಕ ಎಂದು ಓದಿಕೊಂಡಿದ್ದರು.

ಒಂದೇ ಲೋಲಕ ತೂಗಬಿಟ್ಟು ಎಲ್ಲರ ಕೈಗೂ ಸ್ಟಾಪ್‌ವಾಚ್ ಕೊಟ್ಟೆ. ಒಬ್ಬರಿಗೆ ಬಂದದ್ದು ಇನ್ನೊಬ್ಬರಿಗೆ ಬರಲಿಲ್ಲ. ಪ್ರತಿಯೊಬ್ಬರೂ ಪಕ್ಕದವರ ಬೆರಳು ನಿಧಾನ ಎಂದರು. ಎಲ್ಲಕ್ಕೂ ತಕರಾರು ತೆಗೆಯುವ ಹುಡುಗನೊಬ್ಬನಿದ್ದಾನೆ, ವಕೀಲ ಎಂದೇ ಅವನ ಅಡ್ಡಹೆಸರು. ಇದರಲ್ಲಿ ನಿಜವಾದದ್ದು ಯಾವುದು ಹೇಳಿ ಎಂದು ಎದ್ದು ನಿಂತ. ನಿಜ ಇವುಗಳ ನಡುವೆ ಎಲ್ಲೋ ಇರಬಹುದು, ಎಲ್ಲಿಂದ ಎಲ್ಲಿಯವರೆಗೆ ಎಂದಷ್ಟೇ ಹೇಳಬಲ್ಲೆ ಎಂದೆ.

"ಗೊತ್ತಿಲ್ಲ ಅನ್ನೋದಕ್ಕೆ ಇಷ್ಟೆಲ್ಲ ದಾರ, ಗುಂಡು ಬೇಕಾ ಮೇಡಂ?"

ತರಗತಿ ನಕ್ಕಿತು, ನನಗೂ ನಗು ಬಂತು. ಗುಬ್ಬಚ್ಚಿ ನಗಲಿಲ್ಲ. "ಗೊತ್ತಿಲ್ಲ ಅಂತಲ್ಲ ಕಣೋ. ಎಷ್ಟು ಗೊತ್ತಿಲ್ಲ ಅನ್ನೋದು ಈಗ ಗೊತ್ತಾಯ್ತಲ್ಲ" ಎಂದಳು, ತನಗೇ ಹೇಳಿಕೊಂಡಂತೆ.

ಮರುದಿನ ವಿಭಾಗದ ಮುಖ್ಯಸ್ಥರು ಕರೆಸಿದರು. ಮೇಡಂಗೇ ಉತ್ತರ ಗೊತ್ತಿಲ್ಲವೆಂದು ಯಾರದೋ ಮನೆಯಿಂದ ದೂರು ಬಂದಿತ್ತು. ಪರೀಕ್ಷೆಗೆ ಒಂದು ಅಂಕಿ ಸಾಕು, ಮಕ್ಕಳ ತಲೆ ಕೆಡಿಸಬೇಡಿ ಎಂದರು. ಅಳಿಸದೆ ಬರೆದವರಿಗೇ ನಾನು ಅಂಕ ಕೊಡುವುದು ಎಂದುಬಿಟ್ಟೆ. ಅವರೆದುರು ನಾನು ಎಂದೂ ದನಿಯೆತ್ತಿದವಳಲ್ಲ. ಅವರು ಕನ್ನಡಕ ಒರೆಸಿಕೊಂಡು ಮುಂದಿನ ಫೈಲು ಎಳೆದುಕೊಂಡರು. ಈ ವಾರವೂ ಅರ್ಧ ತರಗತಿ ಪುಸ್ತಕದ ಅಂಕಿಯನ್ನೇ ಬರೆದು ತಂದಿದೆ. ಗುಬ್ಬಚ್ಚಿ ಮಾತ್ರ ಬಂದದ್ದನ್ನೆಲ್ಲ ಬಂದ ಹಾಗೇ ಉಳಿಸಿದ್ದಾಳೆ. ವಕೀಲನೂ ಅಷ್ಟೇ, ಗೊಣಗುತ್ತಲೇ.

ಮಗಳೇ, ಆ ಡಾಕ್ಟರಮ್ಮನನ್ನು ಬಿಡಬೇಡ. ಹೊಟ್ಟೆಯೊಳಗಿನ ಕೂಸನ್ನು ತಕ್ಕಡಿಗೆ ಹಾಕಲಾಗುತ್ತದೆಯೇ? ತಲೆ, ಹೊಟ್ಟೆ, ತೊಡೆಯ ಮೂಳೆ ಅಳೆದು ಅಂದಾಜು ಕಟ್ಟುತ್ತಾರೆ. ಅವರು ಹೆಚ್ಚುಕಡಿಮೆ ಎಂದದ್ದು ಅಳತೆಯ ಮಾತು, ನೀನು ಕೇಡಿನ ಮಾತೆಂದು ಕೇಳಿಸಿಕೊಂಡೆ. ಹೇಳಿದ ದಿನ ತಪ್ಪದೆ ಹೋಗು. ನಾನೂ ಬರುತ್ತೇನೆ, ರಜೆ ಬರೆದು ಕೊಟ್ಟಾಗಿದೆ. ಹೊಟ್ಟೆ ತುಂಬ ಉಣ್ಣು. ಅಳಿಯನ ಮೇಲೆ ರೇಗಬೇಡ, ಪಾಪ, ಅವನಿಗೂ ಭಯವಿರುತ್ತದೆ. ಬಸುರಿ, ಕೂಸು ಇಬ್ಬರೂ ತಣ್ಣಗಿರಿ.

ನಿನ್ನ
ಅಮ್ಮ

ತಾ.ಕ.: ಇದು ಮರೆತು ಉಳಿದದ್ದಲ್ಲ, ಬರೆಯಲಾಗದೆ ಉಳಿದದ್ದು. ನಿನಗಿಂತ ಮೊದಲು ನನಗೊಂದು ಗಂಡುಮಗುವಿತ್ತು. ಅವತ್ತಿನ ಡಾಕ್ಟರಿಗೆ ಅನುಮಾನವೆಂಬುದೇ ಇರಲಿಲ್ಲ. ಒಮ್ಮೆ ಹೊಟ್ಟೆ ಅಳೆದು, "ಎಲ್ಲಾ ಸರಿಯಾಗಿದೆ, ಮತ್ತೆ ಬರೋದೇನೂ ಬೇಡ" ಎಂದು ಕಳಿಸಿದರು. ಆ ಮಾತಿಗೆ ನಾನೂ ನಿನ್ನಪ್ಪನೂ ದಾರಿಯುದ್ದಕ್ಕೂ ನಗುತ್ತಾ ಮನೆಗೆ ಬಂದೆವು. ಹುಟ್ಟಿದಾಗ ಅವನು ಅಳಲಿಲ್ಲ. ನಿನ್ನಪ್ಪನ ಎದುರು ಈ ಮಾತು ಎತ್ತಬೇಡ.