ಜೋಳದ ನಾನಖಟಾಯಿ

ಸ್ಟೇಷನ್ ರಸ್ತೆ, ವಿಜಾಪುರ
ತಾ. ೮-೨-೧೯೪೪

ಚಿ. ಸೌ. ಶಂಕ್ರೆವ್ವಳಿಗೆ ಈರಯ್ಯನ ಆಶೀರ್ವಾದ.

ನಾನು ಕ್ಷೇಮ ಎಂದು ಬರೆಯುವುದು ವಾಡಿಕೆ. ಆದರೆ ನಮ್ಮ ರೊಟ್ಟಿ ಸುಡುವ ಭಟ್ಟಿ ಆರಿ ಇಂದಿಗೆ ಹದಿನೇಳು ದಿನವಾಯಿತು. ಆದ್ದರಿಂದ ಆ ಮಾತು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ.

ನೀನು ಮಗಳು ತಾಯವ್ವನನ್ನು ಕರೆದುಕೊಂಡು ತವರಿಗೆ ಹೋಗಿ ಹದಿನಾಲ್ಕು ತಿಂಗಳಾದವು. ಇಷ್ಟು ದಿನ ಒಂದು ಕಾರ್ಡೂ ಹಾಕಲಿಲ್ಲ. ಎರಡು ಸಲ ಬರೆಯಲು ಕುಳಿತಿದ್ದೆ. ಆಶೀರ್ವಾದ ಎಂದು ಬರೆದ ಮೇಲೆ ಮುಂದೆ ಏನು ಬರೆಯಬೇಕೆಂದು ತಿಳಿಯದೆ ಹರಿದು ಹಾಕಿದೆ.

ನೀನು ಹೋದ ಮೇಲೆ ನಮ್ಮಣ್ಣನ ಮಗ ಬಸಲಿಂಗಯ್ಯನನ್ನು ಕರೆಸಿದೆ. ನಮಗೆ ಗಂಡುಮಕ್ಕಳಿಲ್ಲ, ನನ್ನ ನಂತರ ಭಟ್ಟಿ ನಮ್ಮ ಮನೆತನದ ಗಂಡಸಿನ ಕೈಗೇ ಹೋಗಲಿ ಎಂಬುದು ನನ್ನ ವಿಚಾರವಾಗಿತ್ತು. ಮೂವತ್ತು ವರ್ಷದವನು, ತೋಳಿನಲ್ಲಿ ಕಸುವಿದೆ. ಹತ್ತು ತಿಂಗಳು ಚೆನ್ನಾಗಿಯೇ ಹಿಟ್ಟು ನಾದಿದ. ಆದರೆ ಹಿಟ್ಟು ಉಬ್ಬಿಸುವ ಖಮೀರನ್ನು ಮಾತ್ರ ನಾನು ಬಾಗಿಲು ಹಾಕಿಕೊಂಡೇ ಮಾಡುತ್ತಿದ್ದೆ. ಅದು ನಿನಗೆ ಗೊತ್ತಿದ್ದದ್ದೇ. ದೀಪಾವಳಿಗೆ ಸೊಲ್ಲಾಪುರಕ್ಕೆ ಹೋಗಿ ಬಂದವನು ಗಂಟು ಕಟ್ಟಿಕೊಂಡು ನನ್ನ ಮುಂದೆ ನಿಂತ.

"ಕಾಕಾ, ನಾ ಹೊಕ್ಕೀನ್ರಿ. ಹತ್ತ ತಿಂಗಳಾತು, ಖಮೀರ ಹೆಂಗ ಮಾಡ್ತೀರಿ ಅಂತ ನನಗ ಹೇಳಲಿಲ್ಲ. ಸೊಲ್ಲಾಪುರದಾಗ ದಂಡಿನವರಿಗೆ ರೊಟ್ಟಿ ಸುಡೂ ಬೇಕರಿ ಐತಿ. ಅಲ್ಲಿ ಕೇಳಿದ ದಿನಾನ ತೋರಿಸಿದ್ರು," ಎಂದ.

ನಾನು ಸಿಟ್ಟಿಗೆದ್ದು ಹೋಗು ಎಂದೆ. ಹೋದ. ತಪ್ಪು ಅವನದಲ್ಲ.

ಆಮೇಲೆ ಒಬ್ಬನೇ ನಡೆಸಿದೆ. ಯುದ್ಧದ ದೆಸೆಯಿಂದ ಮೈದಾ ಮೊದಲು ಅರ್ಧವಾಯಿತು, ಸಂಕ್ರಮಣ ಕಳೆದ ಮೇಲೆ ಪೂರ್ತಿ ನಿಂತಿತು. ಸಕ್ಕರೆಯಂತೂ ಕೇಳಲೇಬೇಡ. ಮೈದಾ ಇಲ್ಲದಿದ್ದರೇನು ಜೋಳ ಇದೆಯಲ್ಲ ಎಂದು ಡಬಲ್ ರೊಟ್ಟಿಗೆ ಜೋಳದ ಹಿಟ್ಟು ಬೆರೆಸಿ ನೋಡಿದೆ. ಏಳಲೇ ಇಲ್ಲ. ಇಟ್ಟಂಗಿಯ ಹಾಗೆ ಕುಳಿತಿತು. ನಾಲ್ಕು ಸಲ ಮಾಡಿದೆ, ನಾಲ್ಕೂ ಸಲ ದನಕ್ಕೆ ಹಾಕಿದೆ. ಕೊನೆಗೆ ಭಟ್ಟಿಯ ಬಾಯಿಗೆ ತಗಡು ಮುಚ್ಚಿದೆ. ಕೈಯಾಡಿಸುವವರಿಲ್ಲದೆ ಗಡಿಗೆಯೊಳಗಿನ ಖಮೀರೂ ಸತ್ತುಹೋಯಿತು.

ಮೊನ್ನೆ ರವಿವಾರ ರಾಜಬಿ ಬಂದಿದ್ದಳು. ಜೋರಾಪುರ ಪೇಟೆಯಲ್ಲಿ ನಮ್ಮ ಟೋಸ್ಟನ್ನು ಬುಟ್ಟಿಯಲ್ಲಿ ಹೊತ್ತು ಮಾರುತ್ತಿದ್ದವಳಿಗೆ ಈಗ ಮಾರಲು ಏನೂ ಇಲ್ಲ, ಟೋಸ್ಟ್ ಕೇಳಲು ಬಂದಿರಬೇಕು ಎಂದುಕೊಂಡೆ. ಅವಳು ಸೆರಗಿನ ಗಂಟು ಬಿಚ್ಚಿ ಆರು ನಾನಖಟಾಯಿ ನನ್ನ ಮುಂದಿಟ್ಟಳು.

"ತಿಂದು ನೋಡು ಈರಯ್ಯಣ್ಣಾ. ಬಬಲೇಶ್ವರ ಸಂತ್ಯಾಗ ಮಂದಿ ಮುಗಿಬಿದ್ದು ಒಯ್ಯಾಕತ್ತಾರ. ನಮ್ಮ ತಂಗಿ ಮನಿಗೆ ಹೋದಾಗ ತಂದೀನಿ."

ಒಂದು ತಿಂದೆ. ಮೈದಾ ಇಲ್ಲ, ಸಕ್ಕರೆ ಇಲ್ಲ. ಹುರಿದ ಜೋಳದ ಹಿಟ್ಟು, ಬೆಲ್ಲ, ತುಪ್ಪ, ತುಸು ಏಲಕ್ಕಿ. ಬಾಯಲ್ಲಿಟ್ಟರೆ ಉದುರಿ ಕರಗುತ್ತದೆ. ಯಾರು ಮಾಡ್ಯಾರ ಎಂದು ಕೇಳಿದೆ.

"ಇಪ್ಪತ್ತ ವರ್ಷ ಆಕಿ ಕೈಲೆ ಉಂಡಿ, ಗೊತ್ತಾಗಲಿಲ್ಲೇನು?" ಎಂದಳು. "ನಿನ್ನ ಇಷ್ಟ ದೊಡ್ಡ ಭಟ್ಟಿ ಆರಿ ಕುಂತೈತಿ. ಆಕಿ ಅಂಗಳದಾಗ ಒಂದ ಅಗಲ ತಾಟಿನಂಥಾ ಪರಾತ ಇಟ್ಟು ಮುಚ್ಚಿ, ಮ್ಯಾಲ ಕೆಳಗ ಕೆಂಡ ಹಾಕಿ ಸುಡಾಕತ್ತಾಳ."

ಆರನ್ನೂ ತಿಂದೆ. ನಾನು ಸೊಲ್ಲಾಪುರದಲ್ಲಿ ಈ ಕೆಲಸ ಕಲಿತವನು, ಇಪ್ಪತ್ತೆರಡು ವರ್ಷ ಭಟ್ಟಿಯ ಮುಂದೆ ನಿಂತವನು. ಜೋಳದಿಂದ ರೊಟ್ಟಿ ಏಳುವುದಿಲ್ಲ ಎಂದು ಕೈಚೆಲ್ಲಿದೆನೇ ಹೊರತು, ಏಳಬೇಕಾಗಿಯೇ ಇಲ್ಲದ ತಿನಿಸಿಗೆ ಅದನ್ನು ಹಾಕಬಹುದೆಂದು ನನಗೆ ಹೊಳೆಯಲಿಲ್ಲ.

ಈಗ ನೀನು ಹೋದ ಆ ದಿನದ ಮಾತು ಬರೆಯಲೇಬೇಕು. ವಿಷಮಜ್ವರ ಬಂದು ನಾನು ಮೂರು ವಾರ ಮಲಗಿದಾಗ ನೀನು, ತಾಯವ್ವ ಸೇರಿ ಭಟ್ಟಿ ನಡೆಸಿದಿರಿ. ಎದ್ದು ಬಂದ ಮೊದಲನೆಯ ದಿನವೇ ನೀನು ನಾದಿಟ್ಟ ಹಿಟ್ಟನ್ನು ಎತ್ತಿ ನಮ್ಮ ಮುಂದಿನ ಟಾಂಗಾ ಅಡ್ಡೆಯ ಕುದುರೆಗಳು ನೀರು ಕುಡಿಯುವ ಕಲ್ಲುದೋಣಿಗೆ ಸುರಿದೆ. ಭಟ್ಟಿ ಹೆಣ್ಣಮಕ್ಕಳ ಆಟಿಗಿ ಅಲ್ಲ ಎಂದು ಅಷ್ಟು ಜನರ ಮುಂದೆ ಕೂಗಿದೆ. ಹಿಟ್ಟು ಹುಳಿ ಬಂದಿತ್ತು ಎಂದು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಹುಳಿ ಬಂದಿರಲಿಲ್ಲ. ಅಂದು ಮುಂಜಾನೆ ನಾನು ಗೋಡೆ ಹಿಡಿದು ಹೊರಗೆ ಬರುತ್ತಿದ್ದಾಗ ಟಾಂಗಾದವನೊಬ್ಬ ಇನ್ನೊಬ್ಬನಿಗೆ, "ಈರಯ್ಯಗಿಂತ ಆಕೀ ರೊಟ್ಟೀನ ಚಲೋ ಆಗ್ಯಾವ ನೋಡೋ," ಎಂದದ್ದು ಕಿವಿಗೆ ಬಿದ್ದಿತ್ತು. ಕಾರಣ ಇಷ್ಟೇ.

ಬಸಲಿಂಗಯ್ಯ ಹೋದನೆಂದು ಈಗ ನಿನ್ನನ್ನು ಕರೆಯುತ್ತಿದ್ದೇನೆ ಎಂದು ನೀನು ಅಂದರೆ, ಅದು ನಿಜ. ಅವನು ಇದ್ದಿದ್ದರೆ ಈ ಕಾಗದ ಬರೆಯುತ್ತಿದ್ದೆನೋ ಇಲ್ಲವೋ ನನಗೇ ತಿಳಿಯದು. ಆದರೆ ಆ ಆರು ನಾನಖಟಾಯಿ ತಿಂದ ಮೇಲೆ, ಈ ಭಟ್ಟಿ ಮುಂದೆ ನಡೆಯುವುದಾದರೆ ನಿನ್ನ ಕೈಯಲ್ಲೇ ನಡೆಯಬೇಕು ಎಂಬುದರಲ್ಲಿ ನನಗೆ ಅನುಮಾನ ಉಳಿದಿಲ್ಲ. ನಿನ್ನ ನಂತರ ತಾಯವ್ವ.

ಯಾರಿಗೂ ಹೇಳದ ಖಮೀರನ್ನು ಇಲ್ಲಿ ಬರೆಯುತ್ತೇನೆ. ಒಂದು ಹಿಡಿ ಕಡಲೆಯನ್ನು ತರಿಯಾಗಿ ಕುಟ್ಟು. ಒಂದು ಚಿಟಿಕೆ ಬಡೆಸೋಪಿನ ಕಾಳು ಹಾಕು. ಉಗುರುಬೆಚ್ಚಗಿನ ನೀರು ಸುರಿದು, ಗಡಿಗೆಗೆ ಕಂಬಳಿ ಸುತ್ತಿ ಭಟ್ಟಿಯ ಮಗ್ಗುಲಲ್ಲಿಡು. ಮರುದಿನ ಬಿಳಿ ನೊರೆ ಬರುತ್ತದೆ. ಆ ನೀರಿನಲ್ಲಿ ಹಿಟ್ಟು ಕಲಸು, ತುಸು ಉಳಿಸಿ ಮರುದಿನದ ಗಡಿಗೆಗೆ ಹಾಕು. ಇಷ್ಟಕ್ಕೇ ನಾನು ಇಪ್ಪತ್ತೆರಡು ವರ್ಷ ಬಾಗಿಲು ಹಾಕಿಕೊಂಡಿದ್ದೆ.

ಬರುವುದು ಬಿಡುವುದು ನಿನ್ನ ಮನಸ್ಸು. ಉತ್ತರ ಮಾತ್ರ ಬರೆ.

ಈರಯ್ಯ

ತಾ. ಕ.: ಈ ವಿಷಯ ಬರೆಯಬಾರದೆಂದಿದ್ದೆ. ಭಟ್ಟಿಯ ಬಾಯಿಗೆ ನಿಂತರೆ ಉಸಿರು ಕಟ್ಟುತ್ತದೆ. ಇನ್ನು ಹೊಗೆಯ ಕೆಲಸ ಬೇಡವೆಂದು ಡಾಕ್ಟರು ದಸರೆಯ ಮುಂಚೆಯೇ ಹೇಳಿದ್ದಾರೆ. ಕನಿಕರಪಟ್ಟು ಬರಬೇಡ.

ಬಬಲೇಶ್ವರ
ತಾ. ೧೬-೨-೧೯೪೪

ತಾಯವ್ವನ ತಂದೆಯವರಿಗೆ ಶಂಕ್ರೆವ್ವ ಮಾಡುವ ಶರಣು.

ನಿಮ್ಮ ಕಾಗದ ಮುಟ್ಟಿತು. ಮೊದಲು ನಾನೊಬ್ಬಳೇ ಓದಿದೆ, ಆಮೇಲೆ ತಾಯವ್ವನಿಗೆ ಓದಿ ಹೇಳಿದೆ. ಬಸಲಿಂಗಯ್ಯ ಹೋದದ್ದಕ್ಕೇ ಕರೆಯುತ್ತಿದ್ದೇನೆ ಎಂದು ನೀವೇ ಬರೆಯದಿದ್ದರೆ ನಾನು ಉತ್ತರ ಬರೆಯುತ್ತಿರಲಿಲ್ಲ.

ನನ್ನ ಹಿಟ್ಟು ಚೆಲ್ಲಿದ್ದಕ್ಕೆ ನಾನು ಮನೆ ಬಿಟ್ಟೆ ಎಂದು ನೀವು ತಿಳಿದಿದ್ದೀರಿ. ಅಲ್ಲ. ಆ ಹಿಟ್ಟು ನನ್ನದಾಗಿರಲಿಲ್ಲ, ತಾಯವ್ವನದು. ನಾನು ಕೈ ಹಚ್ಚದೆ ಅವಳೊಬ್ಬಳೇ ನಾದಿದ ಮೊದಲನೆಯ ಹಿಟ್ಟು ಅದು. ಅಪ್ಪ ಎದ್ದಾನ, ನಾ ಮಾಡಿದ ರೊಟ್ಟಿ ತಿನ್ನಿಸ್ತೀನಿ ಎಂದು ಮುಂಜಾನೆಯಿಂದ ಕುಣಿಯುತ್ತಿದ್ದಳು. ನೀವು ಸುರಿದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. ಅಂದೇ ಮೋಟಾರಿನಲ್ಲಿ ಬಬಲೇಶ್ವರಕ್ಕೆ ಬಂದೆವು. ಇಳಿದ ಮೇಲೆ, "ಯವ್ವಾ, ನಾ ಉಪ್ಪು ಹಾಕೂದು ಮರ್ತಿದ್ನೇನು?" ಎಂದು ಕೇಳಿದಳು. ಇದನ್ನು ನಿಮಗೆ ಎಂದೂ ಹೇಳಬಾರದೆಂದಿದ್ದೆ. ನೀವು ಮುಚ್ಚಿಟ್ಟದ್ದನ್ನು ಬರೆದಿರಿ, ಅದಕ್ಕೆ ನಾನೂ ಬರೆದೆ.

ಖಮೀರಿನ ವಿಷಯ. ಮದುವೆಯಾದ ಐದನೆಯ ವರ್ಷದಿಂದಲೇ ನನಗೆ ಅದು ಗೊತ್ತು. ಬಾಗಿಲು ಹಾಕಿಕೊಂಡರೇನಾಯಿತು, ಕಡಲೆ ಕುಟ್ಟುವ ಸಪ್ಪಳ ಗೋಡೆ ದಾಟಿ ಬರುತ್ತಿತ್ತು, ಗಡಿಗೆ ತೊಳೆಯುವವಳು ನಾನೇ ಆಗಿದ್ದೆ. ನಿಮಗೆ ಜ್ವರ ಬಂದ ನಾಲ್ಕನೆಯ ದಿನ ನಿಮ್ಮ ಖಮೀರು ಕೆಟ್ಟುಹೋಯಿತು. ನಾನು ಹೊಸದು ಮಾಡಿದೆ. ಎದ್ದ ಮೇಲೆ ಇಷ್ಟು ದಿನ ನೀವು ನಡೆಸಿಕೊಂಡು ಬಂದದ್ದು ಅದನ್ನೇ. ಗೊತ್ತಿದ್ದರೂ ಆಡಲಿಲ್ಲ, ಯಾಕೆಂದರೆ ಅದೊಂದು ನಿಮಗಷ್ಟೇ ಗೊತ್ತು ಎಂಬುದರಲ್ಲಿ ನಿಮಗೆ ಬಹಳ ಹಿಗ್ಗಿತ್ತು.

ನಾನಖಟಾಯಿ ನಾನು ದೊಡ್ಡ ವಿಚಾರ ಮಾಡಿ ಮಾಡಿದ್ದಲ್ಲ. ಜೋಳಕ್ಕೆ ಜಿಗುಟಿಲ್ಲ, ಉದುರುವ ಗುಣವಿದೆ. ನಾನಖಟಾಯಿಗೆ ಬೇಕಾದದ್ದು ಅದೇ. ಎರಡು ಪಾಲು ಜೋಳ, ಒಂದು ಪಾಲು ಊರ ಜವೆಗೋಧಿ; ಅದು ನಿಮ್ಮ ನಾಲಿಗೆಗೆ ಸಿಕ್ಕಿಲ್ಲ. ಜವೆಗೋಧಿಯ ರೊಟ್ಟಿಯೂ ಎತ್ತರ ಏಳುವುದಿಲ್ಲ, ಆದರೆ ತೆಳ್ಳಗೆ ಕೊಯ್ದು ಎರಡನೆಯ ಸಲ ಸುಟ್ಟು ಒಣಗಿಸಿದರೆ ಒಳ್ಳೆಯ ಟೋಸ್ಟ್ ಆಗುತ್ತದೆ. ಪರಾತದಲ್ಲಿ ಮಾಡಿ ನೋಡಿದ್ದೇನೆ. ನಿಮ್ಮ ಭಟ್ಟಿಯಲ್ಲಿ ಇನ್ನೂ ಚೆನ್ನಾಗಿ ಆದೀತು. ಮೈದಾ ಮತ್ತೆ ಸಿಕ್ಕಾಗಲೂ ಇವೆರಡನ್ನು ಬಿಡಬಾರದು. ಮೈದಾದ ತಿನಿಸು ಸೊಲ್ಲಾಪುರದವರೂ ಮಾಡುತ್ತಾರೆ.

ನಾವು ಬರುತ್ತೇವೆ. ಆದರೆ ಬಾಯಿಮಾತು ನನಗೆ ಸಾಲದು. ನಮ್ಮಿಬ್ಬರ ನಂತರ ಭಟ್ಟಿ ತಾಯವ್ವನದು ಎಂದು ನಾಲ್ಕು ಜನರ ಮುಂದೆ ಕಾಗದ ಮಾಡಿಸಿರಿ. ಖಮೀರು ಮಾಡುವ ಕೋಣೆಯ ಬಾಗಿಲು ಕಿತ್ತು ಹಾಕಿರಿ. ದುಡಿಯಲು ಬಂದವರು ಕೇಳಿದರೆ ಕಲಿಸಬೇಕು. ಕಲಿತು ಹೋಗುವವರು ಹೋಗಲಿ, ಉಳಿಯುವವರೂ ಇರುತ್ತಾರೆ. ಇಲ್ಲಿ ನೆರೆಮನೆಯ ರಾಚವ್ವ, ಕಾಳವ್ವ ಇಬ್ಬರಿಗೂ ನಾನಖಟಾಯಿ ಕಲಿಸಿದ್ದೇನೆ, ನಾನು ಬಂದ ಮೇಲೂ ಸಂತೆಯಲ್ಲಿ ಅವರು ಮಾರುತ್ತಾರೆ. ಅದಕ್ಕೆ ನೀವು ಮುಖ ಗಂಟಿಕ್ಕಬಾರದು.

ನಿಮ್ಮ ಎದೆಯ ವಿಷಯ ರಾಜಬಿ ಆಗಲೇ ಹೇಳಿದ್ದಳು. ಗೋಡೆ ಕಟ್ಟುವ ಗವಂಡಿ ಮುರ್ತುಜಾಸಾಬನನ್ನು ಕರೆಸಿ ಹೊಗೆಕೊಳವೆಯನ್ನು ಇನ್ನು ನಾಲ್ಕು ಮೊಳ ಎತ್ತರಿಸಿರಿ. ಹತ್ತು ವರ್ಷದ ಕೆಳಗೇ ಮಾಡಿಸಬೇಕಾಗಿತ್ತು. ನೀವು ಇನ್ನು ಭಟ್ಟಿಯ ಬಾಯಿಗೆ ನಿಲ್ಲುವುದು ಬೇಡ. ಮುಂದಿನ ಕಟ್ಟೆಯ ಮೇಲೆ ಕುಳಿತು ತಾಯವ್ವ ನಾದುವುದನ್ನು ನೋಡಿರಿ, ತಪ್ಪಿದರೆ ಹೇಳಿರಿ. ನಿಮಗಿಂತ ಚೆನ್ನಾಗಿ ಹಿಟ್ಟಿನ ಹದ ತಿಳಿದವರು ಈ ಸೀಮೆಯಲ್ಲಿ ಇಲ್ಲ. ಅದು ಸುಳ್ಳಲ್ಲ.

ಕನಿಕರಪಟ್ಟು ಬರುತ್ತಿಲ್ಲ. ಅಷ್ಟು ದೊಡ್ಡ ಭಟ್ಟಿ ಸುಮ್ಮನೆ ತಣ್ಣಗಾಗಿ ಬಿದ್ದಿದೆ ಎಂದು ಕೇಳಿ ನನಗೆ ಇಲ್ಲಿ ಕೂಡಲು ಆಗುತ್ತಿಲ್ಲ.

ಶಂಕ್ರೆವ್ವ

ತಾ. ಕ.: ತಾಯವ್ವನನ್ನು ನೋಡಲು ಟಿಕೋಟದಿಂದ ಬೀಗರಾಗುವವರು ಬಂದಿದ್ದರು. ಮದುವೆಯಾದರೂ ವಿಜಾಪುರದ ಭಟ್ಟಿ ಬಿಡುವವಳಲ್ಲ ಎಂದು ಅವಳೇ ಅವರ ಎದುರಿಗೆ ಹೇಳಿದಳು. ಅದೇ ವಾರ ನಿಮ್ಮ ಕಾಗದ ಬರುತ್ತದೆಂದು ಅವಳಿಗೇನು ಗೊತ್ತಿತ್ತು! ಹಿರಿಯರು ಎದ್ದು ಹೋದರು. ಮೂರನೆಯ ದಿನ ಹುಡುಗ ಗುರುಪಾದಯ್ಯ ಒಬ್ಬನೇ ಸೈಕಲ್ ತುಳಿದುಕೊಂಡು ಬಂದು, "ಅತ್ತೀ, ಭಟ್ಟಿ ಕೆಲಸ ನನಗೂ ಕಲಿಸ್ತೀರೇನ್ರಿ?" ಎಂದು ಕೇಳಿದ. ತಾಯವ್ವ ಒಳಗೆ ಓಡಿ ಹೋಗಿ ನಗುತ್ತಿದ್ದಳು. ಈಕಿ ಅಪ್ಪನ್ನ ಕೇಳಿ ಹೇಳ್ತೀನಿ ಎಂದು ಕಳಿಸಿದ್ದೇನೆ. ನೀವು ಏನಂತೀರಿ?