ಮೇ ಇಪ್ಪತ್ತೊಂಬತ್ತರ ಹೆಸರು

ಫ್ವೆಂತೆಲಾಬ್ರ, ಬುರ್ಗೋಸ್ ಪ್ರಾಂತ
೩ ಮೇ ೨೦೧೧, ಮಂಗಳವಾರ

ಮುದ್ದಿನ ಗೊನ್ಸಾಲೊ,

ಹೇಗಿದ್ದೀಯ ಕಂದಾ? ನೊಯೆಲಿಯಳ ಕಾಲಿನ ಊತ ಇಳಿಯಿತೇ? ಉಪ್ಪು ಕಡಿಮೆ ಮಾಡು ಎಂದು ಹೇಳಿದ್ದೆ, ಮಾಡಿರಲಾರಳು. ಈ ಕಾಲದ ಹುಡುಗಿಯರು ಡಾಕ್ಟರ ಮಾತನ್ನೇ ಅರ್ಧ ಕೇಳುತ್ತಾರೆ, ಗಂಡನ ಅಜ್ಜಿಯ ಮಾತಿಗೆ ಯಾವ ಬೆಲೆ. ನಾನು ಇದ್ದೇನೆ. ನೀನು ಕಳಿಸಿದ ರಕ್ತದೊತ್ತಡದ ಯಂತ್ರ ಒಂದೊಂದು ಸಲ ಒಂದೊಂದು ಸಂಖ್ಯೆ ತೋರಿಸುತ್ತದೆ. ಅದರಲ್ಲಿ ಚೆನ್ನಾಗಿರುವುದನ್ನು ಮಾತ್ರ ನಾನು ನಂಬುತ್ತೇನೆ. ಮೇ ತಿಂಗಳು ಬಂದರೂ ಇಲ್ಲಿ ಚಳಿ ಬಿಟ್ಟಿಲ್ಲ, ಬೆಳಿಗ್ಗೆ ಒಲೆ ಹಚ್ಚದೆ ಆಗುವುದಿಲ್ಲ. ಬೆಳ್ಳುಳ್ಳಿ ಸಾರಿಗೆ ಒಣಗಿದ ಬ್ರೆಡ್ಡು ಹಾಕಿಕೊಂಡು, ಮೇಲೊಂದು ಮೊಟ್ಟೆ ಒಡೆದುಕೊಂಡು ಊಟ ಮುಗಿಸುತ್ತೇನೆ. ಮೊಣಕಾಲು ಮಾತ್ರ ನನ್ನ ಮಾತು ಕೇಳುತ್ತಿಲ್ಲ. ಗಂಟೆಗೋಪುರದ ಮೇಲೆ ಕೊಕ್ಕರೆಗಳು ಮರಿ ಮಾಡಿವೆ. ಊರಿನ ಸುದ್ದಿ ಇಷ್ಟೇ.

ಈಗ ನಿನ್ನ ಫೋನಿನ ವಿಷಯ. ಭಾನುವಾರ ನೀನು ಸಂಭ್ರಮದಿಂದ ಮಾತಾಡುತ್ತಿದ್ದಾಗ ಲೈನು ಕಟ್ಟಾಯಿತು ಎಂದುಕೊಂಡೆಯಲ್ಲ, ಅದು ಕಟ್ಟಾಗಲಿಲ್ಲ. ನಾನೇ ಕೆಳಗಿಟ್ಟೆ. ಡಾಕ್ಟರು ಮೇ ಕೊನೆಯ ವಾರ ಎಂದಿದ್ದಾರೆ, ಗಂಡು ಮಗು, ಇಪ್ಪತ್ತೊಂಬತ್ತಕ್ಕೇ ಹುಟ್ಟಿದರೂ ಹುಟ್ಟಬಹುದು, ನಮ್ಮೂರಿನ ಪದ್ಧತಿಯಂತೆ ರೆಸ್ತಿತೂತೊ ಎಂದೇ ಹೆಸರಿಡುತ್ತೇವೆ, ಚರ್ಚಿನ ಗೋಡೆಯ ಮೇಲೆ ಯುದ್ಧದಲ್ಲಿ ಸತ್ತವರ ಸಾಲಿನಲ್ಲಿರುವ ನಿನ್ನ ಅಣ್ಣನ ಹೆಸರು ಮತ್ತೆ ಮನೆಗೆ ಬರುತ್ತದೆ, ಖುಷಿಯಾಯಿತಾ ಅಜ್ಜೀ ಎಂದು ನೀನು ಕೇಳಿದೆ. ಖುಷಿಯಾಗಲಿಲ್ಲ. ಆದರೆ ಹಾಗೆಂದು ಫೋನಿನಲ್ಲಿ ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಅದಕ್ಕೇ ಈ ಕಾಗದ. ಓದುವಾಗ ಕುಳಿತುಕೊಂಡು ಓದು.

ಹೆಸರಿನ ಮೂಲ, ಅರ್ಥ, ಎಷ್ಟು ಜನ ಇಟ್ಟುಕೊಂಡಿದ್ದಾರೆ ಎಂದೆಲ್ಲ ಕಂಪ್ಯೂಟರಿನಲ್ಲಿ ನೋಡಿದೆ ಎಂದೆ. ನೀನು ಓದಿದ್ದು ಸುಳ್ಳಲ್ಲ. ಲ್ಯಾಟಿನ್ ಹೆಸರು ಅದು. ಹಿಂದಕ್ಕೆ ಕೊಡಲ್ಪಟ್ಟವನು, ಕಳೆದುಹೋಗಿ ಮತ್ತೆ ಸಿಕ್ಕವನು ಎಂದು ಅರ್ಥ. ರೋಮಿನಲ್ಲಿ ಆ ಹೆಸರಿನ ಸಂತನೊಬ್ಬ ಧರ್ಮಕ್ಕಾಗಿ ಪ್ರಾಣ ಕೊಟ್ಟ, ಅವನ ಹಬ್ಬ ಮೇ ಇಪ್ಪತ್ತೊಂಬತ್ತಕ್ಕೆ. ನಮ್ಮ ಪಾದ್ರಿ ದೋನ್ ಎವುತಿಮಿಯೊ ಇದನ್ನು ಎಷ್ಟು ಸಲ ಹೇಳಿದ್ದಾರೋ, ನನಗೆ ಬಾಯಿಪಾಠ. ಇಡೀ ದೇಶದಲ್ಲಿ ಈಗ ಆ ಹೆಸರಿನವರು ಬಹಳ ಕಡಿಮೆ, ಇರುವವರೂ ಮುದುಕರು ಎಂದೆಯಲ್ಲ, ಅದೂ ನಿಜವೇ ಇರಬೇಕು. ಅಪರೂಪದ್ದು ಎಂದು ನಿನಗೆ ಅದು ಚಂದ ಕಂಡಿದೆ. ಅಪರೂಪ ಆಗಿರುವುದು ಯಾಕೆ ಎಂದು ಆ ಯಂತ್ರ ಹೇಳುವುದಿಲ್ಲ.

ನಮ್ಮೂರಿನಲ್ಲಿ ಹೆಸರು ಆರಿಸುವ ಕಷ್ಟ ಯಾರಿಗೂ ಇರಲಿಲ್ಲ, ನಿನಗೆ ಗೊತ್ತೇ ಇದೆ. ಅರ್ಧ ಊರಿಗೆ ಒಂದೇ ಮನೆತನದ ಹೆಸರು, ಒಂದೇ ಓಣಿಯಲ್ಲಿ ಹೋಸೆ ಎಂಬ ಹೆಸರಿನವರು ನಾಲ್ಕು ಜನ. ಟಪಾಲಿನವನು ಒಬ್ಬನ ಕಾಗದ ಇನ್ನೊಬ್ಬನಿಗೆ ಕೊಟ್ಟು ಜಗಳವೋ ಜಗಳ. ಅದಕ್ಕೇ ನನ್ನ ಅಜ್ಜನ ಕಾಲದಲ್ಲಿ ಊರವರು ಮಾತಾಡಿಕೊಂಡು, ಮಗು ಹುಟ್ಟಿದ ದಿನ ಕ್ಯಾಲೆಂಡರಿನಲ್ಲಿ ಯಾವ ಸಂತ ಇದ್ದಾನೋ ಅವನ ಹೆಸರು ಎಂದು ಕಟ್ಟು ಮಾಡಿದರು. ನಾನು ಫೆಬ್ರವರಿ ಹತ್ತಕ್ಕೆ ಹುಟ್ಟಿ ಎಸ್ಕೊಲಾಸ್ತಿಕ ಆದೆ. ಒಂದು ದಿನ ಮೊದಲು ಹುಟ್ಟಿದ್ದರೆ ಅಪೊಲೊನಿಯ ಆಗುತ್ತಿದ್ದೆ, ಅದೇನು ಹೆಚ್ಚಿನದಲ್ಲ. ಹೊರಗಿನವರು ನಗುತ್ತಿದ್ದರು. ನಮಗೆ ನಮ್ಮ ಹೆಸರು ನಮ್ಮದೇ, ಬೇರೆ ಯಾರದ್ದೂ ಅಲ್ಲ ಎಂಬ ಗರ್ವ ಇತ್ತು.

ನನ್ನ ಅಪ್ಪ ಅಮ್ಮನ ಮೊದಲ ಮಗ ಸಾವಿರದ ಒಂಬೈನೂರ ಇಪ್ಪತ್ತರ ಮೇ ಇಪ್ಪತ್ತೊಂಬತ್ತಕ್ಕೆ ಹುಟ್ಟಿದ. ಅವನೇ ರೆಸ್ತಿತೂತೊ. ಅಪ್ಪ ಕೆಳಗಿನ ಊರಿನ ಕಚೇರಿಗೆ ನಡೆದುಹೋಗಿ ಹೆಸರು ಬರೆಸಿ ಬಂದ. ಒಂದೂವರೆ ವರ್ಷಕ್ಕೆ, ಜನವರಿಯಲ್ಲಿ, ಗಂಟಲಮಾರಿ ಬಂದು ಮಗು ತೀರಿಹೋಯಿತು. ಪಾದ್ರಿ ತಮ್ಮ ಪುಸ್ತಕದಲ್ಲಿ ಬರೆದುಕೊಂಡರು, ಮಣ್ಣಾಯಿತು. ಸೊಂಟದ ಮಟ್ಟ ಹಿಮ ಬಿದ್ದಿತ್ತು, ಅಪ್ಪ ಸಾವು ಬರೆಸಲು ಕಚೇರಿಗೆ ಹೋಗಲಿಲ್ಲ. ಹಿಮ ಕರಗಿದ ಮೇಲೂ ಹೋಗಲಿಲ್ಲ, ಆ ಪುಸ್ತಕ ತೆಗೆಸಿ ಆ ಮಾತು ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಆಮೇಲೆ ಅದೇ ವರ್ಷ ಸೆಪ್ಟೆಂಬರ್ ಒಂಬತ್ತಕ್ಕೆ ಎರಡನೆಯ ಗಂಡು ಹುಟ್ಟಿತು. ಕ್ಯಾಲೆಂಡರಿನ ಪ್ರಕಾರ ಗೊರ್ಗೊನಿಯೊ ಆಗಬೇಕಿತ್ತು. ಅಮ್ಮ ಒಪ್ಪಲಿಲ್ಲ. ಹಾಸಿಗೆಯಿಂದಲೇ ಹೇಳಿದಳಂತೆ, “ನಂದು ನಂಗೆ ವಾಪಸ್ ಬಂದಿದೆ, ಹೆಸರೂ ಅದೇ.” ಊರು ಬಿಟ್ಟುಕೊಟ್ಟಿತು, ಹಡೆದವಳ ಸಂಕಟದ ಎದುರು ಪದ್ಧತಿ ಯಾವ ಲೆಕ್ಕ. ಹೆಸರು ಬರೆಸಲು ಹೊರಟ ಅಪ್ಪನಿಗೆ ಅವಳೇ ಅಂದಳು, “ಬರೆಸಿದ್ದು ಇದೆಯಲ್ಲ, ಹುಡುಗನೂ ಮನೇಲಿದಾನೆ. ಮತ್ತೆ ಹೋಗಿ ಏನ್ ಬರೆಸ್ತೀಯ?” ಅಪ್ಪ ಟೋಪಿ ತೆಗೆದು ಗೂಟಕ್ಕೆ ಹಾಕಿದ. ಹೀಗೆ ಕಚೇರಿಯ ಪುಸ್ತಕದಲ್ಲಿ ನನ್ನ ಅಣ್ಣ ಹುಟ್ಟುವ ಮೊದಲೇ ಎರಡು ವರ್ಷದವನಾದ.

ಚರ್ಚಿನ ಗೋಡೆಯ ಮೇಲಿರುವುದು ಈ ಎರಡನೆಯವನು, ನನ್ನ ರೆಸ್ತಿ. ಅವನು ಹೇಗೆ ಬೆಳೆದ ಎಂದು ನೀನು ತಿಳಿಯಬೇಕು. ಸತ್ತ ಮಗುವಿನ ಅಂಗಿ, ಸತ್ತ ಮಗುವಿನ ತೊಟ್ಟಿಲು. ಹುಟ್ಟುಹಬ್ಬ ಮೇ ಇಪ್ಪತ್ತೊಂಬತ್ತಕ್ಕೇ. ಸೆಪ್ಟೆಂಬರ್ ಒಂಬತ್ತರಂದು ಮನೆಯಲ್ಲಿ ಕಡಲೆಕಾಳು ಬೇಯುತ್ತಿತ್ತು, ಎಲ್ಲ ದಿನದ ಹಾಗೆ. ಅವನು ಎಡಗೈಯಲ್ಲಿ ಚಮಚ ಹಿಡಿದರೆ ಅಮ್ಮ, “ಮೊದ್ಲು ನೀನು ಹೀಗೆ ತಿಂತಿರಲಿಲ್ಲ,” ಎನ್ನುತ್ತಿದ್ದಳು. ಮೊದಲು ಎಂದರೆ ಯಾವಾಗ ಎಂದು ಅವನು ಒಂದು ಸಲವೂ ಕೇಳಲಿಲ್ಲ. ನವೆಂಬರಿನಲ್ಲಿ ಸಕಲ ಸಂತರ ಹಬ್ಬದ ದಿನ ಸಮಾಧಿಗೆ ಹೋದರೆ ಪುಟ್ಟ ಶಿಲುಬೆಯ ಮೇಲೆ ತನ್ನದೇ ಹೆಸರು, ಅದಕ್ಕೆ ತಾನೇ ಹೂವು ಇಡಬೇಕು. ನನ್ನ ಅಮ್ಮ ಕೆಟ್ಟವಳಲ್ಲ ಗೊನ್ಸಾಲೊ. ಪ್ರೀತಿಯಿಂದಲೇ ಮಾಡಿದಳು. ಆ ಪ್ರೀತಿ ಎಲ್ಲ ಇನ್ನೊಬ್ಬನಿಗೆ ಹೋಗುತ್ತಿತ್ತು, ಇವನು ಅದರ ಕೆಳಗೆ ನಿಂತಿದ್ದ, ಅಷ್ಟೇ.

ಮೂವತ್ತೆಂಟರ ಬೇಸಿಗೆಯಲ್ಲಿ, ನಮ್ಮ ದೇಶದ ಅಂತರ್ಯುದ್ಧಕ್ಕೆ ಇಪ್ಪತ್ತನೆಯ ಇಸವಿಯಲ್ಲಿ ಹುಟ್ಟಿದವರ ಸರದಿ ಬಂತು. ಹದಿನೆಂಟು ತುಂಬಿದವರು. ಡಂಗುರದವನು ಚೌಕದಲ್ಲಿ ಹೆಸರು ಓದಿದ, ಅದರಲ್ಲಿ ರೆಸ್ತಿತೂತೊನೂ ಇದ್ದ. ರೆಸ್ತಿಗೆ ಹದಿನಾರು ತುಂಬಲು ಇನ್ನೂ ಒಂದು ತಿಂಗಳಿತ್ತು. ಆದರೆ ಆಳು ಎತ್ತರ, ಕಣದ ಕೆಲಸ ಮಾಡಿ ತೋಳು ಗಟ್ಟಿ. ಕಚೇರಿಯಲ್ಲಿ ಎತ್ತರ ಅಳೆದರು, ಎದೆ ಅಳೆದರು, ಸರಿ ಎಂದರು. ನಮ್ಮೂರಿನ ಆ ಪದ್ಧತಿ ಇತ್ತಲ್ಲ, ಬೇರೆ ಊರಾಗಿದ್ದರೆ ಆ ಹೆಸರಿನವನು ಇನ್ನೊಬ್ಬ ಎನ್ನಬಹುದಿತ್ತು, ಇಲ್ಲಿ ಆ ಹೆಸರಿಗೆ ಆ ಮನೆ, ಆ ಮನೆಗೆ ಆ ಹುಡುಗ. ಆಗ ಅಮ್ಮನಿಗೆ ಎಚ್ಚರ ಆಯಿತು. ಬರಿಗಾಲಲ್ಲಿ ಓಡಿ ಪಾದ್ರಿಯ ಕಾಲು ಹಿಡಿದಳು. ಅವರು ತಮ್ಮ ಪುಸ್ತಕ ತೆಗೆದು, ಮೊದಲನೆಯವನ ಸಾವು, ಎರಡನೆಯವನ ಜ್ಞಾನಸ್ನಾನ, ಎರಡನ್ನೂ ಒಂದು ಕಾಗದದಲ್ಲಿ ಬರೆದು ಮೊಹರು ಒತ್ತಿ ಕೊಟ್ಟರು. “ಗುಮಾಸ್ತ ಬೌದಿಲಿಯೊ ಕೈಗೆ ಕೊಡಿ, ಹುಡುಗನ್ನ ಬಿಡ್ತಾರೆ,” ಎಂದರು.

ಆ ಕಾಗದ ಬೌದಿಲಿಯೊನಿಗೆ ಮುಟ್ಟಲಿಲ್ಲ. ಐದನೆಯ ದಿನ ಲಾರಿ ಬಂದು ರೆಸ್ತಿಯನ್ನು ಹತ್ತಿಸಿಕೊಂಡು ಹೋಯಿತು. ಅಕ್ಟೋಬರಿನಲ್ಲಿ ತಂತಿ ಬಂತು, ಎಬ್ರೊ ನದಿಯ ಆಚೆಯ ಗುಡ್ಡದಲ್ಲಿ ಎಂದು. ದೇಹ ಬರಲಿಲ್ಲ. ಗೋಡೆಯ ಮೇಲೆ ಹದಿನೆಂಟು ವರ್ಷ ಎಂದು ಕೆತ್ತಿದ್ದನ್ನು ನೀನು ಫೋಟೋ ತೆಗೆದೆ, ಅದು ಸುಳ್ಳು. ಕಾಗದ ಬರಲೇ ಇಲ್ಲ ಎಂದು ಬೌದಿಲಿಯೊ ಶಿಲುಬೆ ಮುಟ್ಟಿ ಆಣೆ ಮಾಡಿದ, ಯಾರೂ ನಂಬಲಿಲ್ಲ. ಅಮ್ಮ ಸಾಯುವವರೆಗೆ ಅವನ ಬಾಗಿಲಿನ ಮುಂದೆ ಉಗುಳಿ ಹೋಗುತ್ತಿದ್ದಳು. ಅವನ ಮಗಳು ಲೆಯೊಕಾದಿಯ ನನ್ನ ಓರಗೆಯವಳು. ಅವಳ ಜೊತೆ ಊರಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ, ಮದುವೆಗೂ ಯಾರೂ ಕೇಳಿ ಬರಲಿಲ್ಲ. ಈ ಚಳಿಗಾಲ ಹೋದಳು, ಶವದ ಹಿಂದೆ ನಾವು ನಾಲ್ಕು ಜನ ನಡೆದೆವು.

ಆದ್ದರಿಂದ ಕೇಳುತ್ತೇನೆ ಮಗಾ, ಆ ಹೆಸರು ಬೇಡ. ಮೂವತ್ತಕ್ಕೆ ಹುಟ್ಟಿದರೆ ಫೆರ್ನಾಂದೊ ಇದ್ದಾನೆ, ಮೂವತ್ತೊಂದಕ್ಕೆ ಹುಟ್ಟಿದರೆ ನನ್ನ ಅಮ್ಮನ ಹೆಸರು ಪೆತ್ರೊನಿಲ, ಅದು ಗಂಡಿಗೆ ಆಗದು. ಇಪ್ಪತ್ತೊಂಬತ್ತಕ್ಕೇ ಹುಟ್ಟಿದರೆ ಪದ್ಧತಿ ಹಾಳಾಗಿ ಹೋಗಲಿ, ಕ್ಯಾಲೆಂಡರು ಗೋಡೆಗೆ ತಿರುಗಿಸಿ ನಿನಗೆ ಬೇಕಾದ್ದು ಇಡು. ಟಿವಿಯಲ್ಲಿ ಬರುವ ಹೆಸರಿಟ್ಟರೂ ನಾನು ಹಂಗಿಸುವುದಿಲ್ಲ. ಯಾರ ಹೆಸರೂ ಅಲ್ಲದ ಹೆಸರಿಡು. ಅವನು ಬರೀ ಅವನೇ ಆಗಿ ಹುಟ್ಟಲಿ.

ನೊಯೆಲಿಯಳ ಹಣೆಗೆ ನನ್ನದೊಂದು ಮುತ್ತು. ಅವಳಿಗೆ ಉಣ್ಣೆಯ ಕಾಲುಚೀಲ ಹೆಣೆದಿದ್ದೇನೆ, ಊತ ಇಳಿದ ಮೇಲೆ ಹಾಕಿಕೊಳ್ಳಲಿ. ನಿನ್ನ ಅಮ್ಮನಿಗೆ ಭಾನುವಾರ ತಪ್ಪದೆ ಪ್ರಾರ್ಥನೆಗೆ ಹೋಗು ಎಂದು ಹೇಳು. ಹೋಗುವುದಿಲ್ಲ, ಆದರೂ ಹೇಳು. ದೇವರು ನಿಮ್ಮ ಮೂವರನ್ನೂ ತನ್ನ ಕೈಯಲ್ಲಿಟ್ಟುಕೊಳ್ಳಲಿ.

ನಿನ್ನ ಅಜ್ಜಿ,
ಎಸ್ಕೊಲಾಸ್ತಿಕ

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಡಿಸಿದ್ದೇನೆ. ಟಪಾಲಿನ ವ್ಯಾನು ಹೊರಡುವುದರೊಳಗೆ ಬರೆದು ಮುಗಿಸಬೇಕು. ಆ ಕಾಗದವನ್ನು ಕಚೇರಿಗೆ ಒಯ್ಯಲು ಕೊಟ್ಟದ್ದು ನನ್ನ ಕೈಗೆ. ಒಕ್ಕಣೆಯ ಕಾಲ, ದೊಡ್ಡವರೆಲ್ಲ ಕಣದಲ್ಲಿದ್ದರು, ನನಗೆ ಹನ್ನೆರಡು ವರ್ಷ. ಸೇತುವೆ ದಾಟುವಾಗ ರೆಸ್ತಿ ಹಿಂದಿನಿಂದ ಓಡಿ ಬಂದ. “ಅದನ್ನ ನಂಗೆ ಕೊಡು, ಎಸ್ಕೊ,” ಎಂದ. “ಅಲ್ಲಿ ಕಚೇರೀಲಿ ರೆಸ್ತಿತೂತೊ ಅಂತ ಕೂಗಿದ್ರು, ನಾನು ಎದ್ದು ನಿಂತೆ. ಎಲ್ರೂ ನನ್ನನ್ನೇ ನೋಡಿದ್ರು. ನನ್ನ ಹಿಂದೆ ಯಾರಿದಾರೆ ಅಂತ ಯಾರೂ ನೋಡ್ಲಿಲ್ಲ. ನಂಗೆ ಹೋಗ್ಬೇಕು. ಕೊಡದೆ ಇದ್ರೆ ಇನ್ನು ಸಾಯೋತನಕ ನಿನ್ ಜೊತೆ ಮಾತಾಡಲ್ಲ.” ನಾನು ಕೊಟ್ಟುಬಿಟ್ಟೆ. ಅವನು ಅದನ್ನು ಹರಿದು ಹೊಳೆಗೆ ಹಾಕಿದ. ಬೌದಿಲಿಯೊ ಕೈಗೇ ಕೊಟ್ಟೆ ಎಂದು ನಾನು ಮನೆಯಲ್ಲಿ ಸುಳ್ಳು ಹೇಳಿದೆ, ಎಪ್ಪತ್ತಮೂರು ವರ್ಷ ಅದನ್ನೇ ಹೇಳಿದೆ, ಲೆಯೊಕಾದಿಯಳ ಶವದ ಹಿಂದೆ ನಡೆಯುವಾಗಲೂ ಬಾಯಿ ಬಿಡಲಿಲ್ಲ. ಅವನು ಮಾತು ಉಳಿಸಿಕೊಂಡ, ನಾಲ್ಕು ದಿನ ನನ್ನ ಜೊತೆ ತುಂಬಾ ಮಾತಾಡಿದ. ಆಗಸ್ಟಿನಲ್ಲಿ ನೀವು ಮಗುವನ್ನು ಇಲ್ಲಿಗೆ ತಂದು ನನ್ನ ತೊಡೆಯ ಮೇಲೆ ಮಲಗಿಸುತ್ತೀರಿ, ಹೆಸರು ಹಿಡಿದು ಕರೆಯಜ್ಜೀ ಎನ್ನುತ್ತೀರಿ. ನನ್ನಿಂದ ಆಗುವುದಿಲ್ಲ ಗೊನ್ಸಾಲೊ.