ಬಾಗಿಲು ಹಾಕಬೇಡಿ

ಹೊನ್ನಾವರ
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ತಮ್ಮ ಅನೂಪನಿಗೆ,

ಹೇಗಿದ್ದೀಯಾ? ಅಮ್ಮ ಹೇಳಿದ ಆ ಮಣಿಕಟ್ಟಿನ ನೋವು ಕಡಿಮೆ ಆಯಿತೋ, ಇಲ್ಲಾ ಈಗಲೂ ಹಗಲು ರಾತ್ರಿ ಗಿಟಾರು ಬಡಿಯುತ್ತಿದ್ದೀಯೋ? ಹುಬ್ಬಳ್ಳಿಯಲ್ಲಿ ಐಸಿನ ಪೆಟ್ಟಿಗೆಯೊಳಗೆ ನಾಲ್ಕು ದಿನ ಮಲಗಿ ಬಂದ ಬಂಗಡೆ ತಿನ್ನಬೇಡ, ಹೊಟ್ಟೆ ಕೆಡುತ್ತದೆ. ಮಂಡಿ ನೋವು ಬಿಟ್ಟರೆ ಅಮ್ಮ ಚೆನ್ನಾಗಿದ್ದಾಳೆ. ಮೂರು ವರ್ಷದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಕಾಗದವನ್ನಾದರೂ ಒಡೆದು ನೋಡುತ್ತೀ ಎಂದು ಬರೆಯುತ್ತಿದ್ದೇನೆ. ಹರಿಯುವುದಾದರೆ ಓದಿ ಹರಿ.

ಮೊನ್ನೆ ಕುಮಟೆಯಿಂದ ಭಟ್ಕಳದ ಬಸ್ಸಿನಲ್ಲಿ ಬರುವಾಗ ನನ್ನ ಮಗಳು ಶಾಂಭವಿ ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗೆ ಸಿಕ್ಕಿಸಿ, ಮಾಮನ ಹೊಸ ಹಾಡು ಕೇಳು ಅಂದಳು. ಮೊದಲು ಯಾರೋ ಏದುಸಿರು ಬಿಡುವ ಸದ್ದು, ಆಮೇಲೆ ಡ್ರಮ್ಮು. ಗಿಟಾರು ಮೇಲೆ ಮೇಲೆ ಹೋಗುತ್ತದೆ, ಇಳಿಯುವುದೇ ಇಲ್ಲ. ಇದೆಂತ ಹಾಡು ಮಾರಾಯ, ಅಕ್ಕಿ ಗಿರಣಿಯೊಳಗೆ ಕೂತ ಹಾಗೆ ಎಂದು ನಗುವವಳಿದ್ದೆ. ಅಷ್ಟರಲ್ಲಿ ನಿನ್ನ ಸ್ವರ ಬಂತು. ಬೆಲ್ಟು ಬಿಗಿದರು, ಕಿವಿ ಕಟ್ಟಿತು, ಅಪ್ಪ ಕಾಯ್ತಾ ಇದ್ದಾನೆ, ಬಾಗಿಲು ಹಾಕಬೇಡಿ, ಬಾಗಿಲು ಹಾಕಬೇಡಿ. ಅದನ್ನೇ ಹೇಳಿ ಹೇಳಿ ಕೊನೆಗೆ ಬರೀ ಕಿರುಚುತ್ತೀ. ತಲೆ ತಿರುಗುತ್ತದೆ ಎಂದು ಹೇಳಿ ಹಳದೀಪುರದಲ್ಲೇ ಇಳಿದುಬಿಟ್ಟೆ.

ದುಡಿಯಲು ಹೋಗಿದ್ದ ಅಪ್ಪ ಮಸ್ಕತ್ತಿನ ಆಸ್ಪತ್ರೆಯಲ್ಲಿ ಸಾಯುವ ಸ್ಥಿತಿಯಲ್ಲಿದ್ದಾಗ ನಿನ್ನನ್ನು ವಿಮಾನ ಹತ್ತಲು ಮಂಗಳೂರಿಗೆ ಕಳಿಸಿದೆವು. ಮರುದಿನ ಬೆಳಿಗ್ಗೆ ನೀನು ಅಂಗಳದಲ್ಲಿ ನಿಂತಿದ್ದೆ. "ಆಗ್ಲಿಲ್ಲ ಅಕ್ಕಾ" ಎಂದೆ, ಅಷ್ಟೇ. ಎಲ್ಲೋ ಕುಡಿದು ಬಿದ್ದು ವಿಮಾನ ತಪ್ಪಿಸಿಕೊಂಡಿದ್ದೀ ಎಂದು ನಾನೇ ತೀರ್ಮಾನ ಮಾಡಿದೆ. ನೀನು ಸೀಟಿನಲ್ಲಿ ಕೂತಿದ್ದೆ, ಬಾಗಿಲು ಹಾಕುವಾಗ ಹೆದರಿ ಕೂಗಿಕೊಂಡೆ, ವಿಮಾನದವರು ಇಳಿಸಿದರು ಎನ್ನುವುದು ನನಗೆ ಹಾಡು ಕೇಳಿ ಗೊತ್ತಾಗಬೇಕಾಯಿತು. ಎರಡು ದಿನಕ್ಕೆ ಅಪ್ಪ ಹೋದ, ಪೆಟ್ಟಿಗೆಯಲ್ಲಿ ಬಂದ.

ಹನ್ನೊಂದನೆಯ ದಿನ ಧಾರೇಶ್ವರದ ಕಡಲ ದಂಡೆಯಲ್ಲಿ ನೀನು ಬಾಳೆಲೆಯ ಮೇಲೆ ಅನ್ನದ ಉಂಡೆ ಇಟ್ಟು ಹಿಂದೆ ಸರಿದೆ. ಕಾಗೆ ಬಂದು ತೆಂಗಿನ ಗರಿಯ ಮೇಲೆ ಕೂತಿತು, ಇಳಿಯಲಿಲ್ಲ. ಸತ್ತವರಿಗೆ ಆಸೆ ಉಳಿದಿದ್ದರೆ ಹೀಗೆ, ಏನಾದರೂ ಮಾತು ಕೊಡು ಎಂದಳು ಸೋಮಿ ಚಿಕ್ಕಮ್ಮ. ಅಮ್ಮನನ್ನು ನೋಡಿಕೊಳ್ಳುತ್ತೇನೆ ಎಂದು ನೀನು ಕೈಮುಗಿದೆ. ನನಗೆ ಎಲ್ಲಿಂದ ಸಿಟ್ಟು ಬಂತೋ! "ಮುಖ ನೋಡೂಕೆ ಹೋಗದವ್ನ ಅನ್ನ ಅಪ್ಪ ಮುಟ್ಟೂದಿಲ್ಲ, ಹೇಡಿ, ಆಚೆ ಹೋಗು" ಎಂದೆ, ಕೇರಿಯವರೆಲ್ಲ ಕೇಳುವ ಹಾಗೆ. ನಿನ್ನನ್ನು ಸರಿಸಿ ನಾನೇ ಇಟ್ಟೆ. ಕಾಗೆ ಇಳಿಯಿತು. ಗೆದ್ದೆ ಎಂದುಕೊಂಡೆ. ಸಂಜೆಯೇ ನೀನು ಹುಬ್ಬಳ್ಳಿ ಬಸ್ಸು ಹತ್ತಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಮ್ಮ ಆವತ್ತು ಹೇಳಿದಳು, ನಾನು ಅವಳ ಮೇಲೂ ರೇಗಿದೆ.

ಈ ತಿಂಗಳ ಇಪ್ಪತ್ತೊಂಬತ್ತಕ್ಕೆ ಅಪ್ಪನ ಮೂರನೆಯ ವರ್ಷದ ತಿಥಿ. ನೀನೇ ಎಡೆ ಇಡಬೇಕು. ಕಾಗೆ ಬೇಗ ಬಾರದಿದ್ದರೆ ಬೇಡ, ಸಂಜೆಯವರೆಗೂ ಕಾಯೋಣ. ಯಾರಾದರೂ ಬಾಯಿ ತೆರೆದರೆ ನಾನಿದ್ದೇನೆ. ತಪ್ಪಾಯಿತು ಅನೂಪ. ತುಂಬ ತಪ್ಪಾಯಿತು.

ಬ್ಯಾಂಡಿನ ಹುಡುಗರಿಗೆ ನನ್ನ ನೆನಪು ತಿಳಿಸು. ಡ್ರಮ್ಮಿನವನಿಗೆ ಸ್ವಲ್ಪ ಮೆಲ್ಲಗೆ ಬಡಿಯಲು ಹೇಳು. ದೇವರು ನಿನ್ನನ್ನು ತಣ್ಣಗಿಡಲಿ.

ನಿನ್ನ ಬಾಯಿಬಡುಕಿ ಅಕ್ಕ,
ನೇತ್ರಾ

ತಾ.ಕ.: ಅಂಚೆ ತೆಗೆಯುವ ಹೊತ್ತಾಯಿತು, ಇದನ್ನು ಹೇಳದೆ ಕಾಗದ ಅಂಟಿಸಲು ಆಗುತ್ತಿಲ್ಲ. ಆವತ್ತು ಆಸ್ಪತ್ರೆಯ ನರ್ಸು ಫೋನ್ ಮಾಡಿದಾಗ ನನ್ನ ಪಾಸ್‌ಪೋರ್ಟಿನ ಅವಧಿ ಮುಗಿದಿದೆ ಎಂದು ಹೇಳಿ ನಿನ್ನನ್ನು ಮುಂದೆ ಮಾಡಿದೆ. ಮುಗಿದಿರಲಿಲ್ಲ, ಇನ್ನೂ ಆರು ವರ್ಷ ಇತ್ತು. ವಿಮಾನ ಎಂದರೆ ನನಗೂ ಹೆದರಿಕೆ. ನೀನು ಒಳಗೆ ಹೋಗಿಯಾದರೂ ಕೂತಿದ್ದೆ. ನರ್ಸು ಹೇಳಿದ್ದು, ಅಪ್ಪ ಮಗಳನ್ನು ಕರೆಯುತ್ತಿದ್ದಾರೆ ಎಂದು.